ಹೊರಡುವ ದಿನದಿಂದ ಹಿಂದಕ್ಕೆ ಎಣಿಸುತ್ತ

ಯುದ್ಧಭೂಮಿಗೆ ರವಾನೆಯ ಆದೇಶ ಬಂದಾಗ ವೈದ್ಯಕೀಯ ವಿಭಾಗದಲ್ಲಿ ಮೊದಲು ಏಳುವ ಪ್ರಶ್ನೆಗಳು ಎರಡು: ಎಲ್ಲಿಗೆ, ಯಾವತ್ತು? ಎಷ್ಟು ಜನ ಎಂಬುದು ಆಮೇಲಿನ ಮಾತು. ಸಾವಿರ ಡೋಸ್ ಲಸಿಕೆ ಬೇಕೆಂದರೆ ಹೇಗೋ ತರಿಸಿಕೊಳ್ಳಬಹುದು. ಹೊರಡಲು 18 ದಿನ ಉಳಿದಿದ್ದು, 28 ದಿನದ ಅಂತರ ಬೇಡುವ ಲಸಿಕೆ ಬಾಕಿಯಿದ್ದರೆ ಕೊರತೆ ಬಿದ್ದ ಹತ್ತು ದಿನವನ್ನು ಯಾವ ಉಗ್ರಾಣದಿಂದಲೂ ತರಿಸಲಾಗದು. ಅದಕ್ಕೇ ನಾವು ಪಟ್ಟಿಯನ್ನು ಇವತ್ತಿನಿಂದ ಮುಂದಕ್ಕೆ ಬರೆಯುವುದಿಲ್ಲ. ಹಾಳೆಯ ಬಲತುದಿಯಲ್ಲಿ ಹೊರಡುವ ದಿನ ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತೇವೆ.

ಹೊರಡುವ ದಿನಕ್ಕೆ 7 ದಿನ ಮುಂಚೆ ಜಪಾನೀಸ್ ಎನ್ಸೆಫಲೈಟಿಸ್ (ಸೊಳ್ಳೆಯಿಂದ ಹರಡುವ ಮಿದುಳು ಜ್ವರ) ಲಸಿಕೆಯ ಕೊನೆಯ ಡೋಸ್ ಮುಗಿದಿರಬೇಕು. ಅದರ ಮಾಮೂಲು ಅಂತರ 28 ದಿನ; 18ರಿಂದ 65 ವಯಸ್ಸಿನವರಿಗೆ ಅವಸರವಿದ್ದರೆ 7 ದಿನಕ್ಕೆ ಇಳಿಸಬಹುದು. ಹಳದಿ ಜ್ವರದ ಲಸಿಕೆ ಒಂದೇ ಡೋಸ್, 0.5 ಮಿ.ಲೀ.; ಆದರೆ ಅಂತರರಾಷ್ಟ್ರೀಯ ಪ್ರಮಾಣಪತ್ರಕ್ಕೆ ಬೆಲೆ ಬರುವುದು 10 ದಿನ ಕಳೆದ ಮೇಲೆ. ಒಂಬತ್ತನೇ ದಿನ ವಿಮಾನ ಇಳಿದರೆ ಗಡಿಯಲ್ಲಿ ಕೂರಿಸಿದರೂ ಕೇಳುವಂತಿಲ್ಲ. 2016ರ ಜುಲೈನಿಂದ ಆ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ, ಹಾಗಾಗಿ ಹಳೆಯ ಕಾರ್ಡಿನಲ್ಲಿ ಹತ್ತು ವರ್ಷದ ಅವಧಿ ಮುಗಿದಿದೆ ಎಂದು ಮತ್ತೆ ಚುಚ್ಚುವ ಅಗತ್ಯವಿಲ್ಲ. ಟೈಫಾಯಿಡ್ ಚುಚ್ಚುಮದ್ದು 14 ದಿನ ಮುಂಚೆ. ಅದರದೇ ನುಂಗುವ ರೂಪವೂ ಇತ್ತು (ಅದರ ತಯಾರಿಕೆ 2024ರಲ್ಲಿ ನಿಂತಿತು): ದಿನ ಬಿಟ್ಟು ದಿನ ನಾಲ್ಕು ಕ್ಯಾಪ್ಸೂಲ್, ಊಟಕ್ಕೆ ಒಂದು ಗಂಟೆ ಮುಂಚೆ, ಫ್ರಿಜ್ಜಿನಲ್ಲಿಟ್ಟು, ಜೊತೆಗೆ ಆ್ಯಂಟಿಬಯಾಟಿಕ್ ಇಲ್ಲದೆ, ರವಾನೆಗೆ ವಾರ ಮುಂಚೆ ಮುಗಿಯುವಂತೆ. ಮೂಟೆ ಕಟ್ಟುವ ಗಡಿಬಿಡಿಯಲ್ಲಿ ಬ್ಯಾರಕ್ಕಿನ ಯಾರೂ ಇಷ್ಟನ್ನು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ತುಕಡಿಗೆ ಚುಚ್ಚುಮದ್ದೇ ವಾಸಿ.

ಹೆಪಟೈಟಿಸ್ ಎ ಮೊದಲ ಡೋಸಿನಲ್ಲೇ ಕೆಲಸ ಶುರುಮಾಡುತ್ತದೆ. ಎರಡನೆಯದು 6ರಿಂದ 12 ತಿಂಗಳ ಮೇಲೆ. ಹೆಪಟೈಟಿಸ್ ಬಿ ಮಾತ್ರ 0, 1, 6 ತಿಂಗಳು ಎಂದು ಎಳೆಯುತ್ತದೆ. ಅಷ್ಟು ಸಮಯವಿಲ್ಲದಾಗ ಎ ಮತ್ತು ಬಿ ಎರಡೂ ಸೇರಿದ ಲಸಿಕೆಯನ್ನು 0, 7 ಮತ್ತು 21ರಿಂದ 30ನೇ ದಿನದೊಳಗೆ ಕೊಟ್ಟು, ವರ್ಷದ ಮೇಲೆ ನಾಲ್ಕನೆಯದು ಹಾಕುವ ದಾರಿಯಿದೆ. ಆ ನಾಲ್ಕನೆಯದು ತಪ್ಪುವುದೇ ಹೆಚ್ಚು, ಏಕೆಂದರೆ ಅದು ಬಾಕಿ ಬೀಳುವ ದಿನ ಆ ಮನುಷ್ಯ ನಮ್ಮ ಕಣ್ಣೆದುರು ಇರುವುದಿಲ್ಲ. ರೇಬೀಸ್ ಮುಂಜಾಗ್ರತೆ 0 ಮತ್ತು 7ನೇ ದಿನ. ಮೆನಿಂಜೈಟಿಸ್‌ನ ನಾಲ್ಕು ಗುಂಪಿನ ಬ್ಯಾಕ್ಟೀರಿಯಾ ತಡೆಯುವ ಲಸಿಕೆ ಒಂದೇ ಡೋಸ್, ಅಪಾಯದ ಪ್ರದೇಶದಲ್ಲೇ ಇರುವವರಿಗೆ ಐದು ವರ್ಷಕ್ಕೊಮ್ಮೆ.

ಎಲ್ಲಕ್ಕಿಂತ ಉದ್ದದ ಲೆಕ್ಕ ಆಂಥ್ರಾಕ್ಸಿನದು, ಅಸ್ತ್ರವಾಗಿ ಬಳಸಬಹುದಾದ ಮಾರಕ ಬ್ಯಾಕ್ಟೀರಿಯಾ ರೋಗದ್ದು. ಜೈವಿಕ ಅಸ್ತ್ರದ ಭಯವಿರುವ ಕಡೆಗೆ ಹೋಗುವವರಿಗೆ ಮಾತ್ರ ಇದು. ಅಮೆರಿಕದ ಪಡೆಗಳು ಬಳಸುವ ಲಸಿಕೆಗೆ ಮೊದಲು 0, 2, 4 ವಾರ, ಮತ್ತೆ 6, 12, 18 ತಿಂಗಳು ಎಂದು ಆರು ಡೋಸ್ ಇದ್ದವು, ಅದೂ ಚರ್ಮದಡಿಗೆ. 2008ರಲ್ಲಿ ಅದು ಸ್ನಾಯುವಿಗೆ ಕೊಡುವ ಐದು ಡೋಸ್ ಆಯಿತು. 2012ರಿಂದ 0, 1, 6 ತಿಂಗಳಿನ ಮೂರು ಡೋಸ್ ಮೂಲ ಸರಣಿ, 12 ಮತ್ತು 18ನೇ ತಿಂಗಳಿಗೆ ಬೂಸ್ಟರ್, ಮುಂದೆ ಅಪಾಯವಿರುವ ತನಕ ವರ್ಷಕ್ಕೊಂದು. ಚರ್ಮದಡಿಗೆ ಕೊಡುತ್ತಿದ್ದಾಗ ತೋಳಿನಲ್ಲಿ ಗಂಟು, ಕೆಂಪು, ತುರಿಕೆ ಹೆಚ್ಚಿತ್ತು, ಹೆಂಗಸರಲ್ಲಿ ಇನ್ನೂ ಹೆಚ್ಚು. ಸ್ನಾಯುವಿಗೆ ಬದಲಾದ ಮೇಲೆ ಅದು ತಗ್ಗಿತು. ಹೇಗೇ ಎಣಿಸಿದರೂ ಆರು ತಿಂಗಳು ಬೇಕು. ಮೂರು ವಾರದ ಆದೇಶದಲ್ಲಿ ಹೋಗುವವನು ಒಂದು ಡೋಸ್ ಹಾಕಿಸಿಕೊಂಡು ಹೋಗುತ್ತಾನೆ. ಉಳಿದವು ಅಲ್ಲಿಯೇ, ಅಲ್ಲಿನ ಫ್ರಿಜ್ಜಿನ ಯೋಗ್ಯತೆಯ ಮೇಲೆ.

ಅದಕ್ಕೇ ಎಲ್ಲಿಗೆ ಹೋದರೂ ಬೇಕಾಗುವಂಥವನ್ನು ನೇಮಕಾತಿಯ ದಿನಗಳಲ್ಲೇ ಮುಗಿಸಿಬಿಡುವುದು ಒಳ್ಳೆಯದು: ದಡಾರ-ಮಂಗನಬಾವು-ರುಬೆಲ್ಲಾ ಎರಡು ಡೋಸ್, ಸೀತಾಳೆ, ಧನುರ್ವಾಯು-ಡಿಫ್ತೀರಿಯಾ, ಪೋಲಿಯೊ ಬೂಸ್ಟರ್, ಹೆಪಟೈಟಿಸ್, ವರ್ಷಕ್ಕೊಮ್ಮೆ ಫ್ಲೂ. ಅಮೆರಿಕದಲ್ಲಿ ಹೊಸ ಸೈನಿಕರಿಗೆ ಉಸಿರಾಟದ ಜ್ವರ ತರುವ ಅಡೆನೊವೈರಸ್‌ 4 ಮತ್ತು 7ನ್ನು ತಡೆಯುವ ಎರಡು ಲಸಿಕೆ ಮಾತ್ರೆಗಳನ್ನೂ ಕೊಡುತ್ತಾರೆ. ಅಗಿಯದೆ ಇಡಿಯಾಗಿ ನುಂಗಬೇಕು. ಅದನ್ನು ತಯಾರಿಸುತ್ತಿದ್ದ ಒಂದೇ ಒಂದು ಕಂಪನಿ 1996ರಲ್ಲಿ ನಿಲ್ಲಿಸಿತು, 1999ಕ್ಕೆ ದಾಸ್ತಾನು ಖಾಲಿ, ಬ್ಯಾರಕ್ಕಿನ ಜ್ವರ ಮತ್ತೆ ಕಾಣಿಸಿಕೊಂಡಿತು. ಮಾತ್ರೆ ಮರಳಿ ಬಂದದ್ದು 2011ರಲ್ಲಿ. ನೂರಾರು ಹುಡುಗರು ಒಂದೇ ಸೂರಿನಡಿ ಮಲಗುವಲ್ಲಿ ಒಂದು ಮಾತ್ರೆ ಎಷ್ಟು ಕೆಲಸ ಮಾಡುತ್ತಿತ್ತೆಂದು ಗೊತ್ತಾದದ್ದು ಅದು ಇಲ್ಲವಾದಾಗ.

ಎಣಿಕೆಯ ಹಾಳೆ ಸಿದ್ಧವಾದ ಮೇಲೆ ಪ್ರತಿಯೊಬ್ಬರ ಲಸಿಕೆ ಕಾರ್ಡುಗಳನ್ನು ನೋಡುವ ಕೆಲಸ. ಇದು ಬೇಸರದ್ದು, ಆದರೆ ಇಲ್ಲಿ ಉಳಿಸಿದ ಗಂಟೆ ಸಾಲಿನಲ್ಲಿ ದಿನವಾಗಿ ಎದುರು ನಿಲ್ಲುತ್ತದೆ. “ಚಿಕ್ಕಂದಿನಲ್ಲಿ ಎಲ್ಲಾ ಹಾಕಿಸಿದ್ದಾರೆ ಸಾರ್” ಎಂಬುದು ದಾಖಲೆಯಲ್ಲ. ದಿನಾಂಕವಿಲ್ಲದ ಡೋಸನ್ನು ಹಾಕಿಲ್ಲವೆಂದೇ ಹಿಡಿಯುತ್ತೇವೆ. ಸಮಯವಿದ್ದರೆ ರಕ್ತ ತೆಗೆದು ದಡಾರ, ರುಬೆಲ್ಲಾ, ಹೆಪಟೈಟಿಸ್ ಎ, ಬಿಗಳ ಪ್ರತಿಕಾಯ ನೋಡಬಹುದು. ಸಮಯವಿಲ್ಲದಿದ್ದರೆ ಚುಚ್ಚಿಬಿಡುವುದೇ ನೇರ ದಾರಿ. ಇಂಥವುಗಳಲ್ಲಿ ಒಂದು ಡೋಸ್ ಹೆಚ್ಚಾದರೆ ಕೆಡುಕಿಲ್ಲ. ಸರಣಿಯ ಮಧ್ಯೆ ವರ್ಷ ಬಿಟ್ಟುಹೋಗಿದ್ದರೆ ಮೊದಲಿಂದ ಶುರುಮಾಡಬೇಕೆಂದು ಹೊಸಬರು ತಿಳಿದಿರುತ್ತಾರೆ. ಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ತಡವಾದ ಡೋಸ್ ಲೆಕ್ಕಕ್ಕೆ ಬರುತ್ತದೆ, ಅವಧಿಗೆ ಮುಂಚೆ ಹಾಕಿದ್ದು ಬರುವುದಿಲ್ಲ. ನಾಲ್ಕು ದಿನದ ತನಕ ಮುಂಚಿತವಾದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ರೇಬೀಸಿಗೆ ಆ ರಿಯಾಯಿತಿ ಇಲ್ಲ. ಅವಸರದ ಆದೇಶ ಬಂದಾಗ ಅಂತರ ಕಡಿಮೆಮಾಡಿ ‘ಮುಗಿಸಿಬಿಡಿ’ ಎನ್ನುವ ಮೇಲಧಿಕಾರಿಗಳು ಎಲ್ಲ ಪಡೆಗಳಲ್ಲೂ ಇರುತ್ತಾರೆ. ಹಾಗೆ ಮುಗಿಸಿದ್ದು ಕಾಗದದಲ್ಲಷ್ಟೇ ಮುಗಿದಿರುತ್ತದೆ.

ಜೀವಂತ ಲಸಿಕೆಗಳ (ದುರ್ಬಲಗೊಳಿಸಿದ ಜೀವಂತ ರೋಗಾಣುವಿನಿಂದ ಮಾಡಿದವುಗಳ) ನಿಯಮ ಸರಳವಾದದ್ದು, ಆದರೂ ಅತಿ ಹೆಚ್ಚು ಮುರಿಯುವುದು ಅದೇ. ದಡಾರ-ಮಂಗನಬಾವು-ರುಬೆಲ್ಲಾ, ಸೀತಾಳೆ, ಹಳದಿ ಜ್ವರ, ಇವುಗಳಲ್ಲಿ ಎರಡು ಬೇಕಿದ್ದರೆ ಒಂದೇ ದಿನ ಬೇರೆ ಬೇರೆ ಜಾಗಕ್ಕೆ ಕೊಡಬೇಕು. ಇಲ್ಲವೇ 28 ದಿನ ಬಿಡಬೇಕು. ಸೋಮವಾರ ದಡಾರದ್ದು ಹಾಕಿ, ಹಳದಿ ಜ್ವರದ ದಾಸ್ತಾನು ಗುರುವಾರ ಬಂತೆಂದು ಗುರುವಾರ ಹಾಕಿದರೆ ಎರಡನೆಯದು ಸರಿಯಾಗಿ ಹಿಡಿಯದೆ ಹೋಗಬಹುದು. ಹಾಗಾಗಿ ಹಳದಿ ಜ್ವರದ ಪೆಟ್ಟಿಗೆ ಕಣ್ಣಿಗೆ ಬೀಳುವ ತನಕ ದಡಾರದ ವಯಲ್ ತೆರೆಯುವುದಿಲ್ಲ. ಕ್ಷಯದ ಚರ್ಮಪರೀಕ್ಷೆಯೂ ಇದೇ ಬಲೆಗೆ ಸಿಕ್ಕಿಕೊಳ್ಳುತ್ತದೆ: ಅದನ್ನು ದಡಾರದ ಲಸಿಕೆಗೆ ಮುಂಚೆಯೋ ಅದೇ ದಿನವೋ ಮಾಡಬೇಕು, ತಪ್ಪಿದರೆ ನಾಲ್ಕು ವಾರ ಕಾಯಬೇಕು, ನಡುವೆ ಮಾಡಿದರೆ ಇರುವ ಸೋಂಕೂ ಇಲ್ಲವೆಂದು ತೋರಬಹುದು. ಅದನ್ನು ಓದಲು 48ರಿಂದ 72 ಗಂಟೆಯೊಳಗೆ ಮನುಷ್ಯ ಮತ್ತೆ ಬರಬೇಕು. ಗುರುವಾರ ಚುಚ್ಚಿದರೆ ಓದುವ ದಿನ ಶನಿವಾರ-ಭಾನುವಾರಕ್ಕೆ ಬೀಳುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಇಡೀ ತುಕಡಿಯ ಪರೀಕ್ಷೆ ವ್ಯರ್ಥವಾದೀತು.

ಪ್ರಶ್ನೆ ಕೇಳುವ ಮೇಜು ಚುಚ್ಚುವ ಮೇಜಿನಿಂದ ದೂರವಿರಬೇಕು, ನಡುವೆ ಪರದೆ ಬೇಕು. ಹಿಂದೆ ನಾಲ್ವರು ಗೆಳೆಯರು, ಪಕ್ಕದಲ್ಲಿ ಹವಾಲ್ದಾರರು ನಿಂತಿರುವಾಗ ‘ಇಸುಬು ಇದೆಯಾ? ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತಗೊಳ್ತಾ ಇದ್ದೀರಾ? ಗರ್ಭಿಣಿ ಇರಬಹುದಾ?’ ಎಂದು ಕೇಳಿದರೆ ಎಲ್ಲರ ಉತ್ತರವೂ ಇಲ್ಲ ಎಂದೇ ಬರುತ್ತದೆ. ಹಳದಿ ಜ್ವರಕ್ಕೆ ಮೊಟ್ಟೆಯ ತೀವ್ರ ಅಲರ್ಜಿ, ಥೈಮಸ್ ಗ್ರಂಥಿಯ ಕಾಯಿಲೆ, 60 ದಾಟಿದ ವಯಸ್ಸು ಇವನ್ನು ಕೇಳಲೇಬೇಕು. ಎಚ್‌ಐವಿ ವರದಿ ಕೈಗೆ ಬರುವ ಮುಂಚೆ ಜೀವಂತ ಲಸಿಕೆ ಕೊಡಬಾರದು.

ಈ ಪ್ರಶ್ನೆಗಳು ಬರಿಯ ಶಾಸ್ತ್ರವಲ್ಲ ಎಂಬುದಕ್ಕೆ ಸಿಡುಬಿನ ಲಸಿಕೆಗಿಂತ ದೊಡ್ಡ ಸಾಕ್ಷಿ ಬೇಡ. ರೋಗ ಭೂಮಿಯಿಂದ ಹೋದರೂ ಅದನ್ನು ಅಸ್ತ್ರವಾಗಿ ಬಳಸಬಹುದೆಂಬ ಭಯದಿಂದ 2002ರ ಡಿಸೆಂಬರಿನಲ್ಲಿ ಅಮೆರಿಕ ತನ್ನ ಪಡೆಗಳಿಗೆ ಮತ್ತೆ ಈ ಲಸಿಕೆ ಶುರುಮಾಡಿತು. ಇದರ ಕೈಚಳಕವೇ ಬೇರೆ. ಪುಡಿಯ ವಯಲಿಗೆ 0.3 ಮಿ.ಲೀ. ದ್ರಾವಕ ಸೇರಿಸಿದರೆ ಸುಮಾರು 100 ಡೋಸ್. ಎರಡು ಕವಲಿನ ಸೂಜಿಯನ್ನು ಅದ್ದಿದರೆ ಕವಲುಗಳ ನಡುವೆ 0.0025 ಮಿ.ಲೀ.ಯ ಹನಿ ನಿಲ್ಲುತ್ತದೆ. ತೋಳಿನ ಮೇಲ್ಭಾಗದಲ್ಲಿ 5 ಮಿ.ಮೀ. ಅಗಲದ ಜಾಗದಲ್ಲಿ ಬೇಗ ಬೇಗನೆ 15 ಚುಚ್ಚು. 15ರಿಂದ 20 ಸೆಕೆಂಡಿನಲ್ಲಿ ರಕ್ತದ ಸಣ್ಣ ಗುರುತು ಕಾಣಬೇಕು. ಕಾಣದಿದ್ದರೆ ಚುಚ್ಚು ಮೇಲೆಮೇಲಾಗಿದೆ ಎಂದರ್ಥ. ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಬಾರದು, ಒದ್ದೆ ಸ್ಪಿರಿಟ್ ಲಸಿಕೆಯ ವೈರಸ್ಸನ್ನೇ ಕೊಲ್ಲುತ್ತದೆ. ಕೈ ಅಭ್ಯಾಸಬಲದಿಂದ ಹತ್ತಿಗೆ ಹೋಗುತ್ತದೆ, ಹಾಗಾಗಿ ಆ ಮೇಜಿನ ಮೇಲೆ ಸ್ಪಿರಿಟ್ ಇಡದಿರುವುದೇ ಲೇಸು. ಒಮ್ಮೆ ಚರ್ಮ ಮುಟ್ಟಿದ ಸೂಜಿ ಮತ್ತೆ ವಯಲಿಗೆ ಹೋಗಕೂಡದು.

ಮೂರು-ನಾಲ್ಕು ದಿನಕ್ಕೆ ಗುಳ್ಳೆ, ವಾರಕ್ಕೆ ನೀರು ತುಂಬಿ ಆಮೇಲೆ ಕೀವು, ಎರಡು-ಮೂರು ವಾರಕ್ಕೆ ಹಕ್ಕಳೆ ಕಟ್ಟಿ ಬೀಳುತ್ತದೆ. ಆರರಿಂದ ಎಂಟನೇ ದಿನದೊಳಗೆ ತೋಳು ನೋಡಿ, ಹಿಡಿದಿದೆಯೋ ಇಲ್ಲವೋ ಬರೆಯಬೇಕು. ಗುಳ್ಳೆಯೇ ಏಳದಿದ್ದರೆ ರಕ್ಷಣೆ ಸಿಕ್ಕಿಲ್ಲ. ಹಕ್ಕಳೆ ಬೀಳುವ ತನಕ ಆ ಜಾಗ ಜೀವಂತ ವೈರಸ್ಸಿನ ಬುಗ್ಗೆ. ಅದರ ಮೇಲೆ ಗಾಜ್‌ಬಟ್ಟೆ, ಮೇಲೆ ತುಂಬುತೋಳಿನ ಅಂಗಿ, ಮುಟ್ಟಿದರೆ ಸಾಬೂನಿನಲ್ಲಿ ಕೈತೊಳೆತ, ಬೇರೆ ಟವೆಲ್, ಕುಸ್ತಿ ಮತ್ತು ಈಜು ಬಂದ್, ಬಿಚ್ಚಿದ ಪಟ್ಟಿ ಮುಚ್ಚಿದ ಚೀಲದಲ್ಲಿ. ರಕ್ತದಾನವೂ ಇಲ್ಲ: 21 ದಿನ, ಅಥವಾ ಹಕ್ಕಳೆ ಬೀಳುವ ತನಕ, ಯಾವುದು ತಡವೋ ಅದು. ಯುದ್ಧಭೂಮಿಯಲ್ಲಿ ಜೊತೆಗಾರರೇ ರಕ್ತನಿಧಿಯಾಗುವ ಸಂದರ್ಭ ಬರುವುದರಿಂದ ಇಡೀ ದಳಕ್ಕೆ ಒಂದೇ ವಾರ ಇದನ್ನು ಹಾಕುವುದು ಜಾಣತನವಲ್ಲ. ಒಂದರಿಂದ ಎರಡು ವಾರದ ನಡುವೆ ಎದೆನೋವು, ಏದುಸಿರು ಬಂದರೆ ಸ್ನಾಯು ಉಳುಕಿದೆ ಎಂದು ಮಾತ್ರೆ ಕೊಟ್ಟು ಕಳಿಸದೆ ಇಸಿಜಿ ಮತ್ತು ಟ್ರೊಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರುವ ರಕ್ತಪರೀಕ್ಷೆ) ಮಾಡಿಸಬೇಕು. ಹೃದಯದ ಸ್ನಾಯು ಮತ್ತು ಪೊರೆಯ ಉರಿಯೂತ ಈ ಲಸಿಕೆಯ ಗೊತ್ತಿರುವ ತೊಡಕು.

ಇಸುಬು ಇದ್ದವರಿಗೆ, ಹಿಂದೆ ಇದ್ದವರಿಗೆ, ಮನೆಯಲ್ಲಿ ಇಸುಬು ಇರುವ ಮಗುವಿರುವವರಿಗೆ ಇದನ್ನು ಕೊಡಬಾರದು. 2007ರಲ್ಲಿ ಅಮೆರಿಕದಲ್ಲಿ ಹೀಗೆ ಲಸಿಕೆ ಹಾಕಿಸಿಕೊಂಡ ಯೋಧರೊಬ್ಬರ ರವಾನೆ ಮುಂದಕ್ಕೆ ಹೋಯಿತು, ಅವರು ಮನೆಗೆ ಬಂದರು. ಅವರ ಎರಡು ವರ್ಷದ ಮಗುವಿಗೆ ಇಸುಬಿತ್ತು. ವೈರಸ್ ಮಗುವಿನ ಮೈಯೆಲ್ಲ ಹಬ್ಬಿ ವಾರಗಟ್ಟಲೆ ಆಸ್ಪತ್ರೆಯಲ್ಲಿ ಜೀವದ ಹೋರಾಟ ನಡೆಯಿತು, ಮಗು ಉಳಿಯಿತು. ಆ ಯೋಧರು ಮೊದಲು ಗೊತ್ತುಮಾಡಿದ್ದ ದಿನವೇ ಹೊರಟಿದ್ದರೆ ಹಕ್ಕಳೆ ಬೀಳುವುದು ಸಾವಿರಾರು ಮೈಲಿ ಆಚೆ ಆಗಿರುತ್ತಿತ್ತು. ರವಾನೆ ಮುಂದೂಡಿದೆ ಎಂಬ ಸುದ್ದಿ ಬಂದೊಡನೆ ಯಾರ ತೋಳಿನಲ್ಲಿ ಹಕ್ಕಳೆ ಇನ್ನೂ ಇದೆ, ಅವರ ರಜೆಯ ಅರ್ಜಿ ಎಲ್ಲಿದೆ ಎಂದು ನೋಡಬೇಕಾದದ್ದು ಅದಕ್ಕೇ. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಹೊಸ ಲಸಿಕೆಯ ವೈರಸ್ ಮನುಷ್ಯನ ದೇಹದಲ್ಲಿ ವೃದ್ಧಿಯಾಗುವುದಿಲ್ಲ: 0.5 ಮಿ.ಲೀ.ಯ ಎರಡು ಡೋಸ್ ಚರ್ಮದಡಿಗೆ, 28 ದಿನದ ಅಂತರ, ಹಕ್ಕಳೆಯ ರಗಳೆಯಿಲ್ಲ. ಆದರೆ ಮತ್ತೆ ಆ 28 ದಿನ ಬೇಕು.

ಇನ್ನು ತಂಪು. ಬಹುಪಾಲು ಲಸಿಕೆಗಳಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್. ಎಲ್ಲರೂ ಹೆದರುವುದು ಬಿಸಿಲಿಗೆ. ನಮ್ಮ ಕೈಯಲ್ಲಿ ಕೆಡುವುದು ಹೆಚ್ಚಾಗಿ ಮಂಜುಗಡ್ಡೆಯಿಂದ. ಧನುರ್ವಾಯು, ಹೆಪಟೈಟಿಸ್, ಆಂಥ್ರಾಕ್ಸ್ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣವಿರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಗಂಟುಗಂಟಾಗಿ ಬೇರೆಯಾಗುತ್ತದೆ, ಕರಗಿದ ಮೇಲೆ ಮತ್ತೆ ಮೊದಲಿನಂತಾಗದು. ಕಣ್ಣಿಗೆ ಬರೀ ಹಾಲುಬಣ್ಣದ ನೀರು, ಒಳಗೆ ಕೆಲಸಕ್ಕೆ ಬಾರದ್ದು. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಪೆಟ್ಟಿಗೆಗೆ ತುರುಕುವುದರಿಂದಲೇ ಇದು ಆಗುವುದು. ಪ್ಯಾಕನ್ನು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರು ಗುಳುಗುಳು ಎನ್ನುವ ತನಕ ಕಾದು ಆಮೇಲೆ ಜೋಡಿಸಬೇಕು. ಅನುಮಾನ ಬಂದರೆ ಅಲುಗಾಟದ ಪರೀಕ್ಷೆ ಮಾಡುತ್ತೇವೆ: ಅದೇ ಬ್ಯಾಚಿನ ಒಂದು ವಯಲನ್ನು ಬೇಕೆಂದೇ ಗಟ್ಟಿಯಾಗುವಂತೆ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನದ ವಯಲಿನ ಜೊತೆ ಅಲುಗಾಡಿಸಿ ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡುವುದು. ಎರಡೂ ಒಂದೇ ವೇಗದಲ್ಲಿ ತಳಕ್ಕೆ ಕುಳಿತರೆ ಆ ಪೆಟ್ಟಿಗೆ ಹೋಯಿತು. ಫ್ರಿಜ್ಜಿನ ಬಾಗಿಲಿನ ಗೂಡಿನಲ್ಲಿ, ಹಿಂಗೋಡೆಗೆ ತಾಗಿಸಿ ಏನೂ ಇಡಬಾರದು. ಬೆಳಿಗ್ಗೆ ಸಂಜೆ ತಾಪ ಬರೆಯಬೇಕು. ಜನರೇಟರ್ ಮೇಲೆ ನಡೆಯುವ ಡೇರೆಯಲ್ಲಿ ರಾತ್ರಿಯ ಹೊತ್ತು ಏನಾಯಿತೆಂಬುದನ್ನು ಹೇಳುವುದು ತಾನೇ ತಾಪ ಬರೆದಿಡುವ ಉಪಕರಣ ಮಾತ್ರ.

ಪುಡಿಯ ಲಸಿಕೆಗಳಿಗೆ ಬೇರೆ ಚಿಂತೆ. ಹಳದಿ ಜ್ವರದ್ದನ್ನು ಕಲಸಿದ ಮೇಲೆ ಅದರ ಆಯಸ್ಸು ಗಂಟೆಗಳಲ್ಲಿ: ತಯಾರಕರನ್ನು ನೋಡಿಕೊಂಡು ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಆರು. ಐದು ಡೋಸಿನ ವಯಲಾದರೆ ಐದು ಜನ ಕುರ್ಚಿಯಲ್ಲಿ ಕುಳಿತ ಮೇಲೆ ಕಲಸಬೇಕು, ‘ಬರ್ತಾ ಇದ್ದಾರೆ’ ಎಂಬ ಮಾತಿನ ಮೇಲಲ್ಲ. ಒಂದರ ದ್ರಾವಕ ಇನ್ನೊಂದಕ್ಕೆ ಹೊಂದುವುದಿಲ್ಲ. ದಣಿದ ಕೈ ಪುಡಿ ಬೆರೆಸದೆ ಬರೀ ದ್ರಾವಕವನ್ನೇ ಚುಚ್ಚಿದ್ದೂ ಉಂಟು. ಒಂದು ಮೇಜಿಗೆ ಒಂದೇ ಲಸಿಕೆ ಎಂಬ ನಿಯಮ, ಮುಂಚಿತವಾಗಿ ಸಿರಿಂಜ್ ತುಂಬಿಡಬಾರದೆಂಬ ನಿಯಮ ಇಂಥದ್ದನ್ನು ತಡೆಯಲಿಕ್ಕೆ. ತುಂಬಿಟ್ಟ ಹತ್ತು ಸಿರಿಂಜುಗಳಲ್ಲಿ ಯಾವುದು ಯಾವುದೆಂದು ತುಂಬಿದವನಿಗೂ ಗೊತ್ತಿರುವುದಿಲ್ಲ.

ಚುಚ್ಚುವ ಜಾಗ ಭುಜದ ಮೂಳೆಯ ಅಂಚಿನಿಂದ ಎರಡು-ಮೂರು ಬೆರಳು ಕೆಳಗೆ. ಮೇಲೆ ಹೋದರೆ ಸೂಜಿ ಕೀಲಿನ ಚೀಲಕ್ಕೆ ತಾಗಿ, ತಿಂಗಳುಗಟ್ಟಲೆ ಕೈ ಎತ್ತಲಾಗದ ನೋವು ಬರುತ್ತದೆ. ಚುಚ್ಚುವವರು ನಿಂತು, ಹಾಕಿಸಿಕೊಳ್ಳುವವರು ಕುಳಿತಾಗ, ತೋಳು ಮಡಚಿದ ಅಂಗಿಯ ಬಿಗಿ ಮೇಲಿದ್ದಾಗ ಸೂಜಿ ಮೇಲಕ್ಕೆ ಹೋಗುವುದು ಹೆಚ್ಚು. ಅಂಗಿಯನ್ನು ಪೂರ್ತಿ ಬಿಚ್ಚಿಸಿ, ಇಬ್ಬರೂ ಕುಳಿತುಕೊಳ್ಳಿ. ಸೂಜಿ 1 ಇಂಚು, ದಪ್ಪ ತೋಳಿಗೆ ಒಂದೂವರೆ. ಒಂದೇ ತೋಳಿಗೆ ಎರಡು ಹಾಕುವುದಾದರೆ ನಡುವೆ 1 ಇಂಚು ಬಿಡಿ. ಎಡ ಯಾವುದು ಬಲ ಯಾವುದು ಬರೆಯಿರಿ, ನಾಳೆ ಊದಿದಾಗ ಯಾವುದು ಊದಿದ್ದೆಂದು ತಿಳಿಯಲು.

ಬವಳಿ ಬೀಳುವವರು ಸಿಕ್ಕೇ ಸಿಗುತ್ತಾರೆ, ಅದೂ ಎತ್ತರದ ಗಟ್ಟಿ ಹುಡುಗರೇ. ತಿಂಡಿ ತಿನ್ನದೆ ಬಂದು, ಗಂಟೆ ನಿಂತು, ಮುಂದಿನವನ ತೋಳಿಗೆ ಸೂಜಿ ಇಳಿಯುವುದನ್ನು ನೋಡಿದ್ದು ಸಾಕು. ಕಲ್ಲುನೆಲಕ್ಕೆ ತಲೆ ಬಡಿದರೆ ಲಸಿಕೆಗಿಂತ ದೊಡ್ಡ ಪೆಟ್ಟು. ಕೂರಿಸಿ ಚುಚ್ಚುವುದು, ಆಮೇಲೆ 15 ನಿಮಿಷ ಕಣ್ಣೆದುರು ಕೂರಿಸುವುದು, ಇಷ್ಟೇ ಉಪಾಯ. ಬವಳಿಯಲ್ಲಿ ಮುಖ ಬಿಳಚಿ ನಾಡಿ ನಿಧಾನವಾಗುತ್ತದೆ, ಮಲಗಿಸಿದರೆ ಸರಿಹೋಗುತ್ತದೆ. ಅಲರ್ಜಿಯ ಆಘಾತದಲ್ಲಿ ನಾಡಿ ಓಡುತ್ತದೆ, ದದ್ದು ಏಳುತ್ತದೆ, ಗಂಟಲು ಬಿಗಿದು ಉಸಿರು ಸುಂಯ್ಗುಡುತ್ತದೆ. ಆಗ ಯೋಚಿಸುತ್ತ ನಿಲ್ಲದೆ 1:1000ರ ಅಡ್ರಿನಲಿನ್ 0.5 ಮಿ.ಲೀ. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ, ಕಾಲು ಎತ್ತರಿಸಿ ಮಲಗಿಸಿ, ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಂದು. ಆಂಪೂಲ್ ಮೇಜಿನ ಮೇಲೆಯೇ ಇರಬೇಕು. ಬೀರುವಿನಲ್ಲಿದ್ದು ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ಇಡೀ ದಳಕ್ಕೆ ಒಂದೇ ದಿನ ಹಾಕುವುದೂ ಬೇಡ. ಮಾರನೇ ದಿನ ಜ್ವರ, ಮೈಕೈ ನೋವು ಬರುವವರ ಲೆಕ್ಕವಿಟ್ಟು ಅರ್ಧರ್ಧ ಮಾಡಿಕೊಂಡರೆ ಕಾವಲಿಗೆ ಜನ ಉಳಿಯುತ್ತಾರೆ.

ಸೂಜಿ ಹೊರಬಂದ ಮೇಲಿನ ಒಂದು ನಿಮಿಷ ಬರವಣಿಗೆಗೆ: ದಿನಾಂಕ, ಲಸಿಕೆಯ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಎಷ್ಟನೇ ಡೋಸ್, ಯಾವ ತೋಳು, ಸ್ನಾಯುವಿಗೋ ಚರ್ಮದಡಿಗೋ, ಯಾರು ಹಾಕಿದ್ದು. ಬ್ಯಾಚ್ ಸಂಖ್ಯೆ ಏಕೆ ಬೇಕೆಂದು ಕೇಳುವವರಿಗೆ 1942 ಉತ್ತರ. ಆ ವರ್ಷ ಅಮೆರಿಕದ ಸೇನೆಯಲ್ಲಿ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡವರಿಗೆ ಕಾಮಾಲೆ ಕಾಣಿಸಿಕೊಂಡು ಸುಮಾರು 50,000 ಜನ ಕಾಯಿಲೆ ಬಿದ್ದರು. ಲಸಿಕೆ ಕೆಡದಂತೆ ಬೆರೆಸಿದ್ದ ಮನುಷ್ಯರ ಸೀರಮ್ಮಿನಲ್ಲಿ, ನಾವು ಇಂದು ಹೆಪಟೈಟಿಸ್ ಬಿ ಎನ್ನುವ ವೈರಸ್ ಇತ್ತು. ಯಾವ ಬ್ಯಾಚು ಯಾರಿಗೆ ಹೋಗಿತ್ತೆಂದು ಹಿಂಬಾಲಿಸಿಯೇ ಮೂಲ ಹಿಡಿದದ್ದು, ಸೀರಮ್ ಇಲ್ಲದ ಲಸಿಕೆಗೆ ಬದಲಾದದ್ದು. ಸುಮಾರು ಐವತ್ತು ವರ್ಷ ಬಿಟ್ಟು ನಡೆದ 1990-91ರ ಕೊಲ್ಲಿ ಯುದ್ಧದಲ್ಲಿ ಸುಮಾರು 1,50,000 ಅಮೆರಿಕನ್ ಯೋಧರಿಗೆ ಆಂಥ್ರಾಕ್ಸ್ ಲಸಿಕೆ ಹಾಕಿದರು; ರಹಸ್ಯದ ನೆಪದಲ್ಲಿ, ಅವಸರದಲ್ಲಿ, ಅನೇಕರ ಕಾರ್ಡಿನಲ್ಲಿ ಅದರ ಹೆಸರೇ ಬರಲಿಲ್ಲ. ಮರಳಿದ ಮೇಲೆ ಸಾವಿರಾರು ಜನ ಸುಸ್ತು, ನೋವು, ಮರೆವು ಎಂದು ಬಂದಾಗ ಲಸಿಕೆಯೇ ಕಾರಣವೋ ಅಲ್ಲವೋ ಎಂದು ತೂಗಿ ನೋಡಲು ಯಾರಿಗೆ ಏನು ಹಾಕಿದ್ದರೆಂಬ ಪಟ್ಟಿಯೇ ಸರಿಯಾಗಿರಲಿಲ್ಲ. ಬರೆಯದೆ ಬಿಟ್ಟದ್ದು ಲಸಿಕೆಯ ಮೇಲಿನ ನಂಬಿಕೆಯನ್ನು ಯಾವ ಅಡ್ಡಪರಿಣಾಮಕ್ಕಿಂತಲೂ ಹೆಚ್ಚು ಕೆಡಿಸಿತು ಎಂಬುದು ನಮ್ಮ ಅಭಿಪ್ರಾಯ. 1998ರಲ್ಲಿ ಅದೇ ಲಸಿಕೆಯನ್ನು ಕಡ್ಡಾಯ ಮಾಡಿದಾಗ ಒಲ್ಲೆ ಎಂದು ಶಿಕ್ಷೆ ಅನುಭವಿಸಿದವರಿದ್ದರು. 2004ರಲ್ಲಿ ನ್ಯಾಯಾಲಯ ಕಡ್ಡಾಯವನ್ನು ತಡೆಯಿತು, 2005ರ ಕೊನೆಗೆ ಲಸಿಕೆ ಸರಿಯಿದೆ ಎಂಬ ಔಷಧ ನಿಯಂತ್ರಕರ ಅಂತಿಮ ಆದೇಶ ಬಂತು, 2006ರಲ್ಲಿ ಕಡ್ಡಾಯವನ್ನು ಮತ್ತೆ ಘೋಷಿಸಿದರು. ಸಾಲಿನಲ್ಲಿ ‘ಇದೇನು ಸಾರ್?’ ಎಂದು ಕೇಳುವವರನ್ನು ಗದರಬಾರದು. ಎರಡು ವಾಕ್ಯದ ನೇರ ಉತ್ತರಕ್ಕೆ ಅರ್ಧ ನಿಮಿಷ ಸಾಕು.

ಯೋಧರಿಗೆ ಸೂಜಿಯಿಂದ ತಡೆಯಲಾಗದ್ದು ಮಲೇರಿಯಾ. ಅಲ್ಲಿ ಮಾತ್ರೆ, ಸೊಳ್ಳೆಪರದೆ, ಪರ್ಮೆಥ್ರಿನ್ ಎಂಬ ಕೀಟನಾಶಕ ಹೀರಿಸಿದ ಸಮವಸ್ತ್ರ. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೊಂದು, ಹೋಗುವ ಒಂದೆರಡು ದಿನ ಮುಂಚಿನಿಂದ ಬಂದ ಮೇಲೆ 4 ವಾರದ ತನಕ. ನೀರು ಕುಡಿಯದೆ ನುಂಗಿ ಹಾಗೇ ಮಲಗಿದರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣಾಗುತ್ತದೆ, ಬಿಸಿಲಿಗೆ ಚರ್ಮ ಸುಡುತ್ತದೆ, ಆಂಟಾಸಿಡ್ ಜೊತೆ ತೆಗೆದುಕೊಂಡರೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅಟೊವಾಕ್ವೋನ್-ಪ್ರೊಗ್ವಾನಿಲ್ ಮರಳಿದ ಮೇಲೆ 7 ದಿನ ಸಾಕು. ವಾರಕ್ಕೊಂದರ ಮೆಫ್ಲೋಕ್ವಿನ್ ಅನುಕೂಲವೆನಿಸಿದರೂ ಖಿನ್ನತೆ, ಆತಂಕ, ಅಪಸ್ಮಾರದ ಇತಿಹಾಸ ಇದ್ದವರಿಗೆ ಕೊಡುವಂತಿಲ್ಲ. 2013ರಲ್ಲಿ ಅಮೆರಿಕದ ನಿಯಂತ್ರಕರು ಅದಕ್ಕೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಚ್ಚಿದರು. ಕೆಟ್ಟ ಕನಸು, ತಲೆತಿರುಗು ಎಂದು ಬಂದವರಿಗೆ ಯುದ್ಧದ ಒತ್ತಡ ಎಂದು ಹೇಳಿ ಕಳಿಸುವ ಮುಂಚೆ ಯಾವ ಮಾತ್ರೆ ಎಂದು ಕೇಳಿ. 2003ರಲ್ಲಿ ಲೈಬೀರಿಯಾದ ದಡಕ್ಕಿಳಿದ ಅಮೆರಿಕದ ಮರೀನ್‌ಗಳಲ್ಲಿ ಸುಮಾರು 80 ಜನಕ್ಕೆ ಮಲೇರಿಯಾ ಬಂತು. ಮಾತ್ರೆ ಕೊಟ್ಟಿದ್ದರು, ನುಂಗಿದ್ದು ಮಾತ್ರ ಅಷ್ಟಕ್ಕಷ್ಟೇ. ಸಾಲಾಗಿ ನಿಲ್ಲಿಸಿ ಕಣ್ಣೆದುರು ನುಂಗಿಸುವುದು ಮಕ್ಕಳಾಟದಂತೆ ಕಂಡರೂ ಅದಕ್ಕಿಂತ ಒಳ್ಳೆಯ ಉಪಾಯ ಗೊತ್ತಿಲ್ಲ.

ಅಲ್ಲಿ ಹೋದ ಮೇಲೆ ಕಾರ್ಡು ಎರಡು ಸಂದರ್ಭದಲ್ಲಿ ನೇರ ಕೈಗೆ ಬರುತ್ತದೆ. ಒಂದು ಗಾಯ: ಮೂರು ಡೋಸಿನ ಧನುರ್ವಾಯು ಲಸಿಕೆ ಪೂರ್ತಿಯಾಗಿದ್ದು, ಕೊನೆಯದು 5 ವರ್ಷದೊಳಗಿದ್ದರೆ ಮಣ್ಣು ಮೆತ್ತಿದ ಗಾಯಕ್ಕೂ ಏನೂ ಬೇಡ, ದಾಟಿದ್ದರೆ ಒಂದು ಬೂಸ್ಟರ್, ಲಸಿಕೆಯ ಗುರುತೇ ಇಲ್ಲದಿದ್ದರೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) 250 ಯೂನಿಟ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ಗಾಯ, ಅಪಘಾತದಿಂದ ಆಸ್ಪತ್ರೆ ಸೇರಿದವರು 27 ಲಕ್ಷದಷ್ಟು, ಧನುರ್ವಾಯು ಬಂದದ್ದು 12 ಜನಕ್ಕೆ. ಇನ್ನೊಂದು ನಾಯಿ: ಮುಂಚೆ ರೇಬೀಸ್ ಲಸಿಕೆ ಆಗಿದ್ದವರಿಗೆ ಕಡಿತದ ದಿನ ಒಂದು, ಮೂರನೇ ದಿನ ಒಂದು. ಆಗಿರದವರಿಗೆ ನಾಲ್ಕು ಡೋಸ್, ಮೇಲೆ ಕಿಲೋಗೆ 20 ಯೂನಿಟ್‌ನಂತೆ ಇಮ್ಯುನೊಗ್ಲಾಬ್ಯುಲಿನ್ ಗಾಯದ ಸುತ್ತ. ಅದು ಮುಂಚೂಣಿಯ ಠಾಣೆಯಲ್ಲಿ ಸಿಗುವುದಿಲ್ಲ, ಹಾಗಾಗಿ ಮನುಷ್ಯನನ್ನೇ ಹೆಲಿಕಾಪ್ಟರಿನಲ್ಲಿ ಹಿಂದಕ್ಕೆ ಕಳಿಸಬೇಕಾಗುತ್ತದೆ. ಠಾಣೆಯಲ್ಲಿ ಮುದ್ದಿಗೆ ನಾಯಿಮರಿ ಸಾಕುವುದನ್ನು ವೈದ್ಯರು ಏಕೆ ವಿರೋಧಿಸುತ್ತಾರೆಂದು ಮರಿ ಕಚ್ಚಿದ ಮೇಲೆ ಅರ್ಥವಾಗುತ್ತದೆ. ಭೇದಿಗೆ, ಮರಳುನೊಣದ ಹುಣ್ಣಿಗೆ ಮಾತ್ರ ನಮ್ಮ ಪೆಟ್ಟಿಗೆಯಲ್ಲಿ ಯಾವ ಲಸಿಕೆಯೂ ಇಲ್ಲ. 1898ರ ಸ್ಪೇನ್ ವಿರುದ್ಧದ ಯುದ್ಧದಲ್ಲಿ ಅಮೆರಿಕದ ಶಿಬಿರಗಳಲ್ಲಿ 20,000ಕ್ಕೂ ಹೆಚ್ಚು ಜನ ಟೈಫಾಯಿಡ್ ಹಿಡಿದು ಸುಮಾರು 1,600 ಮಂದಿ ಸತ್ತರು. 1911ರಲ್ಲಿ ಲಸಿಕೆ ಕಡ್ಡಾಯವಾಯಿತು. ಆದರೂ ಶೌಚದ ಗುಂಡಿ ಅಡುಗೆಮನೆಗೆ ಹತ್ತಿರ ತೋಡಿದರೆ ಇವತ್ತೂ ಲಸಿಕೆಯಿಲ್ಲದ ನೂರು ಭೇದಿಗಳು ಕಾದಿರುತ್ತವೆ.

ಮರಳಿ ಬಂದವರ ಮನಸ್ಸು ಮನೆಯ ಕಡೆ ಇರುತ್ತದೆ, ಫಾರಂ ತುಂಬುವಾಗ ಎಲ್ಲದಕ್ಕೂ ‘ಇಲ್ಲ’ ಗೀಚುತ್ತಾರೆ. ‘ಇದೆ’ ಎಂದು ಬರೆದರೆ ರಜೆ ತಡವಾದೀತೆಂಬ ಹೆದರಿಕೆ. ಅಮೆರಿಕದಲ್ಲಿ ಅದಕ್ಕಾಗಿ ಮರಳಿದ 90ರಿಂದ 180 ದಿನದೊಳಗೆ ಇನ್ನೊಮ್ಮೆ ಕೇಳುವ ಪದ್ಧತಿ ತಂದರು. ವೈವಾಕ್ಸ್ ಮಲೇರಿಯಾದ ಪ್ರದೇಶದಿಂದ ಬಂದವರಿಗೆ ಯಕೃತ್ತಿನಲ್ಲಿ ಅಡಗಿದ ಪರಾವಲಂಬಿಯನ್ನು ತೆಗೆಯಲು ಪ್ರೈಮಾಕ್ವಿನ್ 30 ಮಿ.ಗ್ರಾಂ. ಊಟದ ಜೊತೆ 14 ದಿನ. ಅದಕ್ಕೂ ಮುಂಚೆ ಜಿ6ಪಿಡಿ ಪರೀಕ್ಷೆಯ ಫಲಿತಾಂಶ ಕಾರ್ಡಿನಲ್ಲಿ ಇರಲೇಬೇಕು, ಆ ಕಿಣ್ವದ ಕೊರತೆ ಇರುವವರಲ್ಲಿ ಈ ಮಾತ್ರೆ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಆ ಪರೀಕ್ಷೆ ಹೊರಡುವ ಮುಂಚೆಯೇ ಮಾಡಿಸುವುದು ಸುಲಭ, ಬಂದ ಮೇಲೆ ಯಾರನ್ನೂ ಹಿಡಿಯಲಾಗುವುದಿಲ್ಲ. ಹದಿನಾಲ್ಕು ದಿನದ ಮಾತ್ರೆಯನ್ನು ಐದನೇ ದಿನಕ್ಕೆ ಬಿಟ್ಟವರಿಗೆ ಆರೆಂಟು ತಿಂಗಳ ಮೇಲೆ, ಸಮವಸ್ತ್ರ ಮಡಚಿಟ್ಟ ಮೇಲೆ, ಚಳಿಜ್ವರ ಬರಬಹುದು. ಆಗ ಎದುರಿಗಿರುವ ವೈದ್ಯರಿಗೆ ಇವರು ಎಲ್ಲಿಗೆ ಹೋಗಿದ್ದರೆಂಬುದು ಗೊತ್ತಿರುವುದಿಲ್ಲ. ಆದ್ದರಿಂದ ಕಾರ್ಡಿನ ಕೊನೆಯ ಪುಟದಲ್ಲಿ ಮೂರು ಸಾಲು ಬರೆದೇ ಕೈಗೆ ಕೊಡುತ್ತೇವೆ: ಹೋಗಿದ್ದ ಪ್ರದೇಶ ಮತ್ತು ಮರಳಿದ ದಿನಾಂಕ, ಬಾಕಿ ಇರುವ ಡೋಸ್ ಮತ್ತು ಅದರ ದಿನಾಂಕ, ಒಂದು ವರ್ಷದೊಳಗೆ ಯಾವುದೇ ಜ್ವರ ಬಂದರೂ ಮಲೇರಿಯಾಕ್ಕೆ ರಕ್ತಪರೀಕ್ಷೆ.